ನೆಗ್ಗು ತೆಗೆದ ಮೇಡಂ

ಸ್ನೂಕರ್ ಆಟಕ್ಕೆ ನಿಲ್ಲುವ ಮುನ್ನ ಮೇಡಂ ಬಲಗೈಯ ಗಾಜಿನ ಬಳೆಗಳನ್ನು ಮೇಲಕ್ಕೆ ಸರಿಸಿ, ಜಾರದಂತೆ ಒಂದು ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕ್ಯೂ ಕೋಲಿನ ತುದಿಗೆ ನೀಲಿ ಚಾಕ್ ಉಜ್ಜುತ್ತಿದ್ದರು.

ತೊಂಬತ್ತರ ದಶಕ. ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಅವರು ಟೆಸ್ಟಿಂಗ್ ವಿಭಾಗದ ಮುಖ್ಯಸ್ಥೆ. ನಾನು ಅವರ ಕೈಕೆಳಗೆ ಹೊಸದಾಗಿ ಸೇರಿದ ಹುಡುಗಿ. ಮೇಡಂ ಹುಬ್ಬಳ್ಳಿಯವರು. ಹಣೆಯಲ್ಲಿ ಸಣ್ಣ ವಿಭೂತಿ, ಮಾತಿನಲ್ಲಿ ಊರಿನ ಗಡಸು. ಸ್ನೂಕರನ್ನು ಅವರಿಗೆ ಕಲಿಸಿದ್ದು ಅವರ ತಂದೆ. ಕಾರ್ಖಾನೆಯ ಕ್ಲಬ್ಬಿನಲ್ಲಿ ಟೇಬಲ್ ಇತ್ತು, ಆದರೆ ಹೆಂಗಸರು ಅತ್ತ ಹೋಗುತ್ತಿರಲಿಲ್ಲ. ಮೇಡಂ ಹೋದರು; ವರ್ಷದ ಪಂದ್ಯಾವಳಿಗೆ ಹೆಸರನ್ನೂ ಕೊಟ್ಟರು. ಬೇಡ ಅನ್ನುವ ಧೈರ್ಯ ಕಾರ್ಯದರ್ಶಿಗಿರಲಿಲ್ಲ. ಮೊದಲ ಸುತ್ತಿನಲ್ಲೇ ಸೋತು ಹೋಗುತ್ತಾರೆಂದು ಎಲ್ಲರೂ ನಂಬಿದ್ದರು. ಅವರು ಫೈನಲ್‌ವರೆಗೂ ಬಂದರು.

ಫೈನಲ್‌ಗೆ ಸ್ವಲ್ಪ ಮುಂಚೆ, ಗೋಡೆಗೆ ಒರಗಿಸಿದ್ದ ಅವರ ಕೋಲಿಗೆ ಯಾರದೋ ಕಾಲು ತಾಗಿತು. ಅದು ಕುರ್ಚಿಯ ಕಬ್ಬಿಣದ ಅಂಚಿಗೆ ಬಡಿದು ಬಿತ್ತು. ಬೆರಳುಗಳ ನಡುವೆ ಕೋಲು ಜಾರುವ ಜಾಗದಲ್ಲೇ ಅಕ್ಕಿಕಾಳಿನಷ್ಟು ನೆಗ್ಗು. ಆಡುವಾಗ ಬೆರಳಿಗೆ ತಡೆದರೆ ಗುರಿ ಕೆಟ್ಟಂತೆಯೇ.

"ಸ್ಯಾಂಡ್‌ಪೇಪರ್ ತರಿಸ್ತೀನಿ ಮೇಡಂ, ಎರಡು ಉಜ್ಜಿದ್ರೆ ಸರಿಹೋಗುತ್ತೆ" ಅಂದರು ಕಾರ್ಯದರ್ಶಿ.

"ಉಜ್ಜಿದ್ರ ಕೋಲು ಸಣ್ಣ ಆಗ್ತದ ನೋಡ್ರಿ. ಕಟ್ಟಿಗಿ ಎಲ್ಲೂ ಹೋಗಿಲ್ಲ, ಒಳಗ ಒತ್ತಿಕೊಂಡದ. ಅದನ್ನ ಮ್ಯಾಲ ಕರೀಬೇಕು."

ಕ್ಯಾಂಟೀನಿನಿಂದ ಬಿಸಿನೀರು ತರಿಸಿದರು. ಕರವಸ್ತ್ರದ ತುದಿಯನ್ನು ಅದ್ದಿ, ಚೆನ್ನಾಗಿ ಹಿಂಡಿ, ನೆಗ್ಗಿನ ಮೇಲೆ ಮಾತ್ರ ಒತ್ತಿ ಹಿಡಿದರು. ಆರಿದಾಗ ಮತ್ತೆ ಅದ್ದಿದರು. ಮರ ನೀರು ಕುಡಿದು ನಿಧಾನವಾಗಿ ಉಬ್ಬತೊಡಗಿತು.

"ಟೈಮಾಯ್ತು ಮೇಡಂ. ಕ್ಲಬ್ ಕೋಲಲ್ಲಿ ಆಡಿ, ಇಲ್ಲಾಂದ್ರೆ ಎದುರಾಳಿ ಗೆದ್ದಂಗೆ" ಅಂದರು ಕಾರ್ಯದರ್ಶಿ.

"ಹಸಿ ಕೋಲಿನ್ಯಾಗ ಆಡಂಗಿಲ್ಲ, ಮಂದಿ ಕೋಲಿನ್ಯಾಗೂ ಆಡಂಗಿಲ್ಲ" ಅಂದರು ಮೇಡಂ, ತಲೆ ಎತ್ತದೆ.

ಎದುರಾಳಿ ಮೆಂಟೆನೆನ್ಸ್ ಸೂಪರ್‌ವೈಸರ್ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. "ಒಣಗ್ಲಿ ಬಿಡಿ ಸಾರ್. ನಾನು ಕಾಯ್ತೀನಿ. ಹಿಂಗೆ ಗೆದ್ದು ನಾನೇನ್ ಮಾಡ್ಲಿ?"

ಒಣಗಿದ ಮೇಲೆ ನುಣುಪಾಗಲೆಂದು ಮೇಡಂ ಗಾಜಿನ ಲೋಟದ ಬದಿಯನ್ನು ಆ ಜಾಗದ ಮೇಲೆ ಉದ್ದಕ್ಕೆ ಒತ್ತಿ ಎಳೆದರು, ಒಣಬಟ್ಟೆಯಿಂದ ಒರೆಸಿದರು. ನನ್ನ ಬೆರಳು ಹಿಡಿದು ಅಲ್ಲಿ ಆಡಿಸಿದರು. "ಸಿಗ್ತದೇನು?" ಸಿಗಲಿಲ್ಲ.

ಕೊನೆಯ ಕಪ್ಪು ಚೆಂಡಿನವರೆಗೂ ನಡೆದ ಆಟವನ್ನು ಮೇಡಂ ಗೆದ್ದರು. ಮೊದಲು ಚಪ್ಪಾಳೆ ತಟ್ಟಿದವರು ಆ ಸೂಪರ್‌ವೈಸರ್. ಕಪ್ ಕೊಡಲು ಬಂದ ಕಾರ್ಯದರ್ಶಿಗೆ ಮೇಡಂ ಅಲ್ಲೇ ಹೇಳಿದರು: "ಶನಿವಾರ ಸಂಜಿಗೆ ಟೇಬಲ್ ಹೆಣ್ಣಮಕ್ಕಳಿಗೆ ಬಿಡ್ರಿ." ಅಷ್ಟು ಜನರೆದುರು ಅವರು ಒಪ್ಪಲೇಬೇಕಾಯಿತು.

ನಾನು ಆಡಲು ಹೋಗುವುದಕ್ಕೆ ನನ್ನ ಅಮ್ಮ ಮಾತ್ರ ಒಪ್ಪಲಿಲ್ಲ. "ಗಂಡಸ್ರ ಆಟ, ಅಕ್ಕಪಕ್ಕದೋರು ಏನಂದ್ಕೊಂಡಾರು?" ಮೇಡಂ ರಾಜಗೋಪಾಲನಗರದ ನಮ್ಮ ಮನೆಗೇ ಬಂದು, ಚಹಾ ಕುಡಿದು ಕೇಳಿದರು: "ನಿಮ್ಮ ಮಗಳನ್ನ ನನ್ನ ಜೋಡಿ ಕಳಸ್ರಿ."

"ನೀವೇ ವಾಪಸ್ ಮನೆಗೆ ತಂದು ಬಿಡ್ಬೇಕು" ಅಂದಳು ಅಮ್ಮ.

ನಿವೃತ್ತರಾಗುವವರೆಗೂ ಮೇಡಂ ಪ್ರತಿ ಶನಿವಾರ ತಂದು ಬಿಟ್ಟರು. ಗಂಡಸರೇ ತುಂಬಿದ್ದ ವಿಭಾಗಕ್ಕೆ ಮುಂದೆ ನಾನು ಮುಖ್ಯಸ್ಥೆಯಾಗಿ ಹೋದಾಗ ಹೆದರಲಿಲ್ಲ. ಆ ಧೈರ್ಯ ಅವರ ಟೇಬಲ್ಲಿನ ಬಳಿ ನಿಂತು ಕಲಿತದ್ದು.

ಕಳೆದ ವರ್ಷ ಮೇಡಂ ತೀರಿಕೊಂಡರೆಂದು ಫೋನ್ ಬಂತು. ನಾನು ಸುದ್ದಿ ಹೇಳಿ ಮುಗಿಸುವ ಮೊದಲೇ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಒಂದು ಶನಿವಾರನೂ ನಿನ್ನ ಬೀದಿ ಕೊನೇಲಿ ಇಳಿಸಿ ಹೋಗ್ಲಿಲ್ಲ ಕಣೇ ಆಯಮ್ಮ, ಬಾಗಿಲಿಗೇ ಬರೋರು" ಎಂದು ನನಗಿಂತ ಮೊದಲು ಅತ್ತಳು.