ಹಸಿ ಅಂದರೆ ಹಸಿ

ಹಸಿ ಅನ್ನುವ ಎರಡಕ್ಷರದ ಅರ್ಥ ನನಗೆ ತಿಳಿದದ್ದು ಐವತ್ತೆಂಟನೇ ವಯಸ್ಸಿನಲ್ಲಿ, ಅದೂ ಒಂದು ಮುಂಗುಸಿ ಮರಿಯಿಂದ. ಗುಬ್ಬಿಯ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವಳು ನಾನು. ಮೇಷ್ಟರು ಹಸಿವು, ಹಸಿರು, ಹಸುಳೆ ಅಂತ ಸ್ಲೇಟಿನ ಮೇಲೆ ಬರೆಸುವಾಗ, ಇವೆಲ್ಲ ಒಂದೇ ಮನೆಯ ಮಕ್ಕಳಿರಬೇಕು ಅಂತ ಅಂದುಕೊಂಡಿದ್ದೆ. ಹಸಿ ಗೋಡೆ, ಹಸಿ ಮೆಣಸಿನಕಾಯಿ, ಹಸಿ ಸುಳ್ಳು ಆ ಮನೆಯ ನೆಂಟರು. ಎಂಟು ವರ್ಷದ ಹಿಂದೆ ನಮ್ಮ ಮನೆಗೆ ಅಂಥ ನೆಂಟರೇ ಮೂವರು ಒಟ್ಟಿಗೆ ಬಂದರು: ಹಸಿ ಬಾಣಂತಿ, ಹಸುಗೂಸು, ಹಸಿ ಮಾಂಸ.

ಬಾಣಂತಿ ನನ್ನ ಮಗಳು ಸುಧಾ. ಮದುವೆಯಾಗಿ ಒಂಬತ್ತು ವರ್ಷ ಕಾದ ಮೇಲೆ ಹುಟ್ಟಿದ ಕೂಸು, ನನ್ನ ಮೊದಲ ಮೊಮ್ಮಗಳು. ನನ್ನ ಹಿಗ್ಗು ಮನೆಯಲ್ಲಿ ಹಿಡಿಸುತ್ತಿರಲಿಲ್ಲ. ತುಮಕೂರಿನ ಸದಾಶಿವನಗರದ ನಮ್ಮ ಬೀದಿಯಲ್ಲಿ ಹಾಲಿನವನನ್ನೂ ಬಿಡದೆ ಒಳಗೆ ಕರೆದು ಕೂಸು ತೋರಿಸಿದೆ. ಮೀಟರ್ ನೋಡಲು ಬಂದವನನ್ನು ಕರೆದಾಗ ಮಗ ಲೋಕೇಶ, "ಅಮ್ಮ, ಅವ್ರು ಕರೆಂಟ್ ಬಿಲ್ ಬರೆಯಕ್ಕೆ ಬಂದವ್ರೆ" ಅಂದ. ಬರೆದುಕೊಳ್ಳಲಿ ಬಿಡು, ಮನೆಯಲ್ಲಿ ಬೆಳಕು ಜಾಸ್ತಿಯಾಗಿದೆ ಅಂದೆ.

ಲೋಕೇಶನಿಗೆ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ. ಒಂದು ಸಂಜೆ ಊಟದ ಬ್ಯಾಗಿನಿಂದ ಡಬ್ಬಿ ತೆಗೆಯುವ ಬದಲು ಮುಂಗುಸಿ ಮರಿ ತೆಗೆದ. ಅಂಗೈಯಷ್ಟಿತ್ತು, ಮೂತಿಯಲ್ಲಿ ಮಾತ್ರ ಆನೆಯ ಕೋಪ. "ಗುಜರಿ ಪೈಪ್ ಎತ್ತುವಾಗ ಒಳಗಿತ್ತು ಕಣಮ್ಮ. ಎರಡು ದಿನ ಕಾದ್ವಿ, ತಾಯಿ ಬರ್ಲೇ ಇಲ್ಲ" ಅಂದ. ಹಿತ್ತಲಿನ ಹಳೆ ಬಚ್ಚಲುಮನೆಯಲ್ಲಿ ಬುಟ್ಟಿ ಇಟ್ಟು, ಹರಿದ ಸೀರೆ ಹಾಸಿದೆ. ಅನ್ನ ಹಾಲು ಕಲಸಿ ಕೊಟ್ಟರೆ ತಿಂದಿತು. ಆದರೆ ವಾರವಾದರೂ ಮೈಗೆ ಹಿಡಿಯಲಿಲ್ಲ, ಕೂದಲು ಉದುರತೊಡಗಿತು.

ಗುಬ್ಬಿಯ ದನದ ಆಸ್ಪತ್ರೆಗೆ ಹೊರಟೆ. ತುಮಕೂರಿನಲ್ಲಿ ಡಾಕ್ಟರಿಲ್ಲವೇ ಅನ್ನಬೇಡಿ, ತವರೂರಿನ ಡಾಕ್ಟರೇ ಡಾಕ್ಟರು. ಬಸ್ಸಿನಲ್ಲಿ ಕಂಡಕ್ಟರ್ "ಬುಟ್ಟೀಲಿ ಏನಜ್ಜಿ?" ಅಂದ. ಬಾಳೆಹಣ್ಣು ಅಂದೆ. ಹಸಿ ಸುಳ್ಳು. ಬಾಳೆಹಣ್ಣು ಒಳಗಿನಿಂದ ಚಿಕ್ ಚಿಕ್ ಅಂತು. ಅವನು ನನ್ನ ಮುಖ ನೋಡಿದ, ನಾನು ಕಿಟಕಿ ನೋಡಿದೆ.

ಡಾಕ್ಟರು ಮರಿಯನ್ನು ತಿರುವಿ ನೋಡಿ, "ಇದು ಕಾಡುಪ್ರಾಣಿ, ಸಾಕೋ ಹಂಗಿಲ್ಲ ಅಜ್ಜಿ. ಹಾಲು ಅನ್ನದಲ್ಲಿ ಉಳಿಯೋದೂ ಇಲ್ಲ. ಹಸಿ ಮಾಂಸ ತಿನ್ನೋದು ಕಲಿಸಿ, ಸಿಕ್ಕಿದ ಜಾಗಕ್ಕೇ ಬಿಟ್ಬಿಡಿ. ಕಲೀದೆ ಬಿಟ್ರೆ ಎರಡು ದಿನ ಬದುಕಲ್ಲ" ಅಂದರು. ಇಷ್ಟೇ ತಾನೆ ಅಂದುಕೊಂಡೆ. ಮಾಂಸದ ಅಡುಗೆಯಲ್ಲಿ ನನಗೆ ಹೆಸರಿದೆ.

ಆ ವಾರದ ಭಾನುವಾರ ಕುಣಿಗಲ್ಲಿನಿಂದ ಬೀಗಿತಿ, ಅಂದರೆ ಸುಧಾಳ ಅತ್ತೆ, ಕೂಸು ನೋಡಲು ಬಂದರು. ಹಿತ್ತಲಲ್ಲಿ ಮರಿ ಕಂಡರು. "ಏನ್ ಬೀಗ್ರೇ, ಕೂಸಿರೋ ಮನೇಲಿ ಕಚ್ಚೋ ಪ್ರಾಣಿ ಇಟ್ಕೊಂಡಿದೀರಲ್ಲ. ಮುಂದಿನ ಭಾನುವಾರ ಬರ್ತೀನಿ. ಅಷ್ಟೊತ್ತಿಗೆ ಇದು ಇಲ್ಲೇ ಇದ್ರೆ ತಾಯೀನೂ ಮಗೂನೂ ಕರ್ಕೊಂಡ್ ಹೋಗ್ತೀನಿ" ಅಂದರು.

ನನಗೆ ರೇಗಿತು. ದಾರಿಯಲ್ಲಿ ಮುಂಗುಸಿ ಎದುರಾದರೆ ಒಳ್ಳೆಯದಾಗುತ್ತದೆ ಅಂತ ಬಸ್ಸಿನಲ್ಲಿ ಕೂತವರೂ ಕೈ ಮುಗಿಯುತ್ತಾರೆ. ಅದೇ ಮುಂಗುಸಿ ಮನೆಗೆ ಬಂದರೆ ಪೊರಕೆ ಹುಡುಕುತ್ತಾರೆ. ಕೂಸಿನ ಕೋಣೆಗೂ ಬಚ್ಚಲುಮನೆಗೂ ನಡುವೆ ಎರಡು ಬಾಗಿಲು, ಎರಡಕ್ಕೂ ಚಿಲಕ ಹಾಕಿದ್ದೆ. ಮೊಮ್ಮಗಳನ್ನೂ ಕಳಿಸುವುದಿಲ್ಲ, ಮರಿಯನ್ನೂ ಸಾಯಲು ಬಿಡುವುದಿಲ್ಲ ಅಂದೆ. ಅಂದಿದ್ದು ಅವರ ಬಸ್ಸು ಹೊರಟ ಮೇಲೆ. ಆದರೂ ಅಂದೆ.

ಉಳಿದದ್ದು ಏಳೇ ದಿನ. ಸೋಮವಾರ ನಾನು ಮಾಂಸ ಮುಟ್ಟುವವಳಲ್ಲ, ಆದ್ದರಿಂದ ಮರಿಗೂ ಒಪ್ಪತ್ತು. ಮಂಗಳವಾರ ಕೋಳಿ ತಂದು, ಮನೆಯವರಿಗೆ ತೊಳೆಯುವಂತೆಯೇ ಉಪ್ಪು ಅರಿಶಿನ ಹಾಕಿ ಮೂರು ನೀರಲ್ಲಿ ತಿಕ್ಕಿ, ಸಣ್ಣಗೆ ಹೆಚ್ಚಿ ಇಟ್ಟೆ. ಮೂಸಿ ನೋಡಿ ಸೀನಿತು. ಬುಧವಾರ ಕುರಿಮಾಂಸದ ಕೈಮಾ. ತಟ್ಟೆಗೆ ಬೆನ್ನು ಹಾಕಿ ಕೂತಿತು. ಗುರುವಾರ ಒಂದು ಚೂರನ್ನು ದಾರಕ್ಕೆ ಕಟ್ಟಿ ಇಲಿಯಂತೆ ಎಳೆದೆ. ಓಡಿ ಬಂದು ಹಿಡಿಯಿತು, ನಾಲಿಗೆಗೆ ತಾಗಿದ್ದೇ ಉಗುಳಿತು. ಶುಕ್ರವಾರ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ತಿಂದವಳಂತೆ ಬಾಯಿ ಚಪ್ಪರಿಸಿ ತೋರಿಸಿದೆ. ಸುಧಾ ಬಾಗಿಲಲ್ಲಿ ನಿಂತು, "ಅಮ್ಮ, ಅದು ಕಲಿಯೋದ್ರೊಳಗೆ ನೀನು ಕಲಿತ್ಬಿಡ್ತೀಯ" ಅಂದಳು. ಶನಿವಾರದ ಹೊತ್ತಿಗೆ ಅದಕ್ಕೆ ನಿಲ್ಲಲು ತ್ರಾಣವಿರಲಿಲ್ಲ. ಲೋಕೇಶ, "ಬುಡಮ್ಮ, ಅದರ ಹಣೇಲಿ ಇಲ್ಲ" ಅಂದ. ಹಣೆಯನ್ನು ಓದಲು ನಾನು ನಾಲ್ಕನೇ ಕ್ಲಾಸಿನಲ್ಲಿ ಕಲಿತಿಲ್ಲ, ನೀನು ಐಟಿಐನಲ್ಲಿ ಕಲಿತೆಯಾ ಅಂತ ಕೇಳಿದೆ.

ಭಾನುವಾರ ಬೀಗಿತಿ ಹೇಳಿದ ಹೊತ್ತಿಗೆ ಬಂದರು. ಬಾಣಂತಿಗೆ ಅಂತ ಕುಣಿಗಲ್ಲಿನಿಂದಲೇ ಕುರಿಮಾಂಸವನ್ನೂ ಲಿವರನ್ನೂ ಎಲೆಯಲ್ಲಿ ಸುತ್ತಿಸಿಕೊಂಡು ತಂದಿದ್ದರು. ಹಿತ್ತಲ ಒಗೆಯುವ ಕಲ್ಲಿನ ಮೇಲೆ ಪೊಟ್ಟಣ ಬಿಚ್ಚಿಟ್ಟು, "ಅರಿಶಿನ ತನ್ನಿ ಬೀಗ್ರೇ, ತೊಳ್ದು ಕೊಡ್ತೀನಿ" ಅಂದರು. ನಾನು ಡಬ್ಬಿ ತರಲು ಒಳಗೆ ಹೋದೆ. ಬಿಸಿಲು ಕಾಯಲಿ ಅಂತ ಮರಿಯ ಬುಟ್ಟಿಯನ್ನು ಕಲ್ಲಿನ ಪಕ್ಕವೇ ಇಟ್ಟಿದ್ದೆ.

ತಿರುಗಿ ಬಂದಾಗ ಬೀಗಿತಿ ಗೋಡೆಗೆ ಒರಗಿ ನಿಂತಿದ್ದರು. ನಿಲ್ಲಲಾರದ ಮರಿ ಹೇಗೋ ತೆವಳಿಕೊಂಡು ಕಲ್ಲು ಹತ್ತಿತ್ತು. ಮುಂಗಾಲಲ್ಲಿ ಲಿವರ್ ಅದುಮಿಕೊಂಡು, ಕಣ್ಣು ಮುಚ್ಚಿ, ಗುರ್ ಅನ್ನುತ್ತಾ ತಿನ್ನುತ್ತಿತ್ತು. ತೊಳೆಯದ, ಉಪ್ಪು ಕಾಣದ, ರಕ್ತ ಸೋರುವ ಹಸಿ ಲಿವರು. ನನ್ನ ಕೈಯಲ್ಲಿ ಅರಿಶಿನದ ಡಬ್ಬಿ.

ಮರಿ ವಾರದಿಂದ ಮಾಂಸ ಮುಟ್ಟುತ್ತಿಲ್ಲ ಅಂತ ಸುಧಾ ಅವರಿಗೆ ಬಂದಾಗಲೇ ಹೇಳಿದ್ದಳು. ಬೀಗಿತಿ ಡಬ್ಬಿ ನೋಡಿದರು, ಮರಿ ನೋಡಿದರು. "ಬೀಗ್ರೇ, ವಾರ ಪೂರ್ತಿ ಇದಕ್ಕೂ ಅರಿಶಿನ ಹಾಕೇ ಕೊಟ್ರಾ?"

"ಹಾಕದೆ ಕೊಡಕ್ಕಾಗತ್ತಾ? ನೀಚು ವಾಸನೆ ಹೋಗ್ಬೇಕಲ್ಲ."

"ಆ ವಾಸನೆ ಹಿಡ್ಕೊಂಡೇ ಅದು ತಿನ್ನೋದು ಕಣ್ರೀ. ಹಸಿ ಅಂದ್ರೆ ಹಸಿ. ಅದೇನು ಮದುವೆ ಹೆಣ್ಣಾ, ಅರಿಶಿನದ ಶಾಸ್ತ್ರ ಮಾಡಕ್ಕೆ?" ಅಂದವರು ನಗತೊಡಗಿದರು. ಸೆರಗು ಬಾಯಿಗಿಟ್ಟುಕೊಂಡರೂ ನಗು ನಿಲ್ಲಲಿಲ್ಲ. ಸುಧಾಳೂ ಸೇರಿಕೊಂಡಳು. ಕೊನೆಗೆ ನನಗೂ ಬೇರೆ ದಾರಿ ಇರಲಿಲ್ಲ.

ನಕ್ಕ ಮೇಲೆ ಗದರುವುದು ಕಷ್ಟ. "ಇನ್ನೊಂದು ಹದಿನೈದು ದಿನ ಇರ್ಲಿ, ಮೈ ಕಟ್ಕೊಳ್ಳಲಿ" ಅಂತ ಅವರೇ ಅಂದರು. ಮುಂದಿನ ಎರಡು ಭಾನುವಾರ ಬಾಣಂತಿಗೊಂದು, ಅದಕ್ಕೊಂದು ಅಂತ ಎರಡು ಪೊಟ್ಟಣ ಬಂದವು. ಮರಿ ಹಿತ್ತಲಲ್ಲಿ ತಾನೇ ಓತಿಕ್ಯಾತ ಹಿಡಿದ ದಿನ, ಅಂತರಸನಹಳ್ಳಿಯ ಆ ಪೈಪುಗಳ ಹಿಂದಿನ ಪೊದೆಗೆ ಬಿಟ್ಟು ಬಂದೆವು. ಅದು ತಿರುಗಿಯೂ ನೋಡಲಿಲ್ಲ. ನೋಡಲಿ ಅಂತ ಸಾಕಿರಲಿಲ್ಲ.

ಆ ಹಸುಗೂಸಿಗೆ ಈಗ ಎಂಟು ವರ್ಷ. ಹೆಸರು ಚಂದನ. ರಜಕ್ಕೆ ಬಂದರೆ ಸಾರು ಬೇಡ, ಪಲ್ಯ ಬೇಡ ಅಂತ ತಟ್ಟೆ ತಳ್ಳುತ್ತಾಳೆ. ಇದರ ನಾಲಿಗೆ ಕೆಟ್ಟಿದೆ, ಮುದ್ದು ಜಾಸ್ತಿಯಾಯಿತು ಅಂತ ಮನೆಯವರೆಲ್ಲ ಅವಳನ್ನೇ ಬೈಯುತ್ತಾರೆ. ಬೈದುಕೊಳ್ಳಲಿ. ನಾನು ಮಾತ್ರ, ಅರಿಶಿನವೇನಾದರೂ ಜಾಸ್ತಿಯಾಯಿತಾ ಅಂತ ಮೊದಲು ನನ್ನ ಕೈ ಮೂಸಿ ನೋಡಿಕೊಳ್ಳುತ್ತೇನೆ.