ಖಾಲಿ ಫೋಲ್ಡರಿನಲ್ಲಿ ಒಂದು ಕಾಲು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಕೃತಕ ಕಾಲು ತಯಾರಿಸುವ ಕಾರ್ಯಾಗಾರದ ಬಾಗಿಲು ತೆರೆದು, ಇಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ, ಎಲ್ಲರೂ ಅಕ್ಕ ಎಂದೇ ಕರೆಯುವ ಹೆಂಗಸು ಗೋಡೆಯ ದೊಡ್ಡ ಸ್ವಿಚ್ಚನ್ನು ಮೇಲೆತ್ತುತ್ತಾರೆ. ಬೆಂಕಿಯ ಭಯಕ್ಕೆ ಕಾವಲುಗಾರ ರಾತ್ರಿ ಇಡೀ ಕಟ್ಟಡದ ಕರೆಂಟು ತೆಗೆದಿರುತ್ತಾನೆ. ಹಾಗಾಗಿ ಇಲ್ಲಿನ ಕಂಪ್ಯೂಟರುಗಳೆಲ್ಲ ದಿನಾ ಒಟ್ಟಿಗೆ ಏಳುತ್ತವೆ.

ಅಳತೆ ಕೋಣೆಯ ಕೀಬೋರ್ಡಿನ ಮೇಲೂ ಪ್ಲಾಸ್ಟರಿನ ಪುಡಿ. ಅದನ್ನು ಸೆರಗಿನಿಂದ ಒರೆಸಿ ಅಕ್ಕ ಕೂರುತ್ತಾರೆ. ಪರದೆಯ ಮೇಲೆ ಬಿಳಿ ಅಕ್ಷರಗಳು ಓಡುತ್ತವೆ, ಒಂದು ಕಡೆ ತಡವರಿಸುತ್ತವೆ, ಕೆಂಪು ಸಾಲೊಂದು ಕಾಣಿಸಿಕೊಂಡು ಮೇಲೆ ಸರಿದು ಹೋಗುತ್ತದೆ. ಅಕ್ಕ ಪಕ್ಕದಲ್ಲಿ ಕೂತ ಪತ್ರಿಕೆಯವರ ಕಡೆ ತಿರುಗುತ್ತಾರೆ.

"ನೋಡಿ, ಇವತ್ತು ಹತ್ಲಿಲ್ಲ. ನಿನ್ನೆ ಹತ್ತಿತ್ತು. ಯಾಕೆ ಅಂತ ಮಾತ್ರ ಕೇಳ್ಬೇಡಿ."

ಹತ್ತುವುದು ಅಂದರೆ ಇಷ್ಟು. ಬಂದವರ ಕಾಲಿನ ಅಳತೆಯನ್ನು ಈ ಕೋಣೆಯ ಸ್ಕ್ಯಾನರ್ ತೆಗೆಯುತ್ತದೆ. ಫೈಲು ಮೂಲೆ ಕೋಣೆಯ ಸರ್ವರಿಗೆ ಹೋಗುತ್ತದೆ, ಅಲ್ಲಿಂದ ಕಾಲಿನ ಅಚ್ಚು ಕೊರೆಯುವ ಯಂತ್ರ ಎತ್ತಿಕೊಳ್ಳುತ್ತದೆ. ಎಲ್ಲರ ಪಾಲಿಗೂ ಅದು 'ಉಗ್ರಾಣ' ಎಂಬ ಒಂದೇ ಫೋಲ್ಡರ್. ಈ ಕೋಣೆಯ ಲಿನಕ್ಸ್ ಕಂಪ್ಯೂಟರ್ ಶುರುವಾಗುವಾಗ ಸರ್ವರಿನ ಉಗ್ರಾಣವನ್ನು ತಾನಾಗಿ ಜೋಡಿಸಿಕೊಳ್ಳಬೇಕು. ತಿಳಿದವರು ಇದನ್ನು ಮೌಂಟ್ ಅನ್ನುತ್ತಾರೆ, ಅಕ್ಕ ಹತ್ತುವುದು ಅನ್ನುತ್ತಾರೆ. ಜೋಡಣೆ ಆಗದಿದ್ದರೂ ಫೋಲ್ಡರಿನ ಹೆಸರು ಪರದೆಯ ಮೇಲೆ ಇದ್ದೇ ಇರುತ್ತದೆ. ಒಳಗೆ ಮಾತ್ರ ಏನೂ ಇರುವುದಿಲ್ಲ.

ಅಕ್ಕ ಇಲ್ಲಿಗೆ ಬಂದದ್ದು ಪ್ಲಾಸ್ಟರ್ ಕಲಸಲು. "ಕೈಯೆಲ್ಲ ಬಿರುಕು ಬಿಟ್ಟು ರಕ್ತ ಬರೋದು. ಪ್ಲಾಸ್ಟರ್ ಮುಟ್ಟಬೇಡಿ ಅಂದ್ರು ಡಾಕ್ಟ್ರು. ಹಾಗಾದ್ರೆ ಕಂಪ್ಯೂಟರ್ ಮುಟ್ಟು ಅಂದ್ರು ನಮ್ ಮೇಡಂ. ಎರಡೂ ಒಂದೇ ಬಿಡಿ, ಗಟ್ಟಿಯಾಗಿ ಕೂತ್ಮೇಲೆ ಏನು ಮಾಡಿದ್ರೂ ಅಲ್ಲಾಡಲ್ಲ." ಸರ್ವರ್ ಮಾರಿದ ಕಂಪನಿಯವರು ಫೋನಿನಲ್ಲಿ ಹೇಳಿದ್ದನ್ನು ಕೇಳಿ ಕೇಳಿ ಕಲಿತಿದ್ದಾರೆ. ಮನೆಯಲ್ಲಿ ಕಣ್ಣು ಮಂಜಾದ ಅತ್ತೆ, ಬೇಕರಿಯಲ್ಲಿ ಕೆಲಸ ಮಾಡುವ ಗಂಡ. ಅವರು ಕೆಲಸಕ್ಕೆ ಹೊರಡುವ ಹೊತ್ತಿಗೇ ಇವರೂ ಹೊರಡುತ್ತಾರೆ. ದಿನಕ್ಕೆ ನಾಲ್ಕೈದು ಕಾಲು ತಯಾರಾಗುವ ಈ ಜಾಗದಲ್ಲಿ ಉಗ್ರಾಣ ಹತ್ತದೆ ಒಂದೂ ತಯಾರಾಗುವುದಿಲ್ಲ.

ತಂತಿ ಬದಲಾಯಿಸಿದ್ದಾರೆ. ಸರ್ವರಿನ ಹೆಸರು ತೆಗೆದು ನಂಬರು ಹಾಕಿದ್ದಾರೆ. ನೆಟ್‌ವರ್ಕ್ ಬಂದ ಮೇಲಷ್ಟೇ ಉಗ್ರಾಣ ಹತ್ತಬೇಕು ಎಂಬ ಸೂಚನೆ ಸೇರಿಸಿದ್ದಾರೆ. ಕೆಲವು ದಿನ ಸರಿಯಿತ್ತು, ಆಮೇಲೆ ಮತ್ತೆ ಅದೇ ರಾಗ. "ನಾನು ಕೈಯಾರೆ ಟೈಪ್ ಮಾಡಿ ಆಜ್ಞೆ ಕೊಟ್ರೆ ತಕ್ಷಣ ಹತ್ತುತ್ತೆ. ಏನಾದ್ರೂ ತಪ್ಪಿದ್ರೆ ಆಗ್ಲೂ ಹತ್ತಬಾರ್ದಲ್ವಾ? ಅಲ್ಲೇ ನನ್ನ ತಲೆ ಕೆಡೋದು."

ಇವತ್ತು ಅಕ್ಕನ ತಲೆ ಕೆಟ್ಟಿರುವುದಕ್ಕೆ ಬೇರೆ ಕಾರಣವೂ ಇದೆ. ಹೋದ ವಾರ ಅತ್ತೆಯ ಕಣ್ಣು ತೋರಿಸಿಕೊಂಡು ಮಧ್ಯಾಹ್ನ ಬಂದರು. ಅಷ್ಟರಲ್ಲಿ ಅಳತೆಯವನು ಒಬ್ಬ ಹೊಲಿಗೆಯಾಕೆಯ ಅಳತೆ ತೆಗೆದು ಉಗ್ರಾಣದಲ್ಲಿಟ್ಟಿದ್ದ. ಗಾಯ ಈಚೆಗೆ ಮಾಗಿದ ಕಾಲು. ಆಕೆ ಹಲ್ಲು ಕಚ್ಚಿ ನಿಂತಿದ್ದರಂತೆ. ಅಕ್ಕ ಬಂದು ಎಂದಿನಂತೆ ಆಜ್ಞೆ ಕೊಟ್ಟರು. ಉಗ್ರಾಣ ಹತ್ತಿತು. ಹೊಲಿಗೆಯಾಕೆಯ ಫೈಲು ಇರಲಿಲ್ಲ.

"ಇಟ್ಟಿದ್ದು ನಾನು ಕಣ್ಣಾರೆ ನೋಡಿದೀನಿ. ನೀವು ಬಂದು ಏನೋ ಒತ್ತಿದ್ರಿ, ಹೋಯ್ತು," ಎಂದ ಅಳತೆಯವನು.

ಅದು ಸುಳ್ಳಲ್ಲ ಎಂಬುದೇ ಅಕ್ಕನ ಸಂಕಟ. ಒತ್ತಿದ್ದು ನಿಜ, ಹೋದದ್ದೂ ನಿಜ. ಸರ್ವರನ್ನೆಲ್ಲ ಜಾಲಾಡಿದರೂ ಸಿಗಲಿಲ್ಲ. ಹೊಲಿಗೆಯಾಕೆಗೆ ವಿಷಯ ತಿಳಿಸಲು ಫೋನು ಮಾಡಿದರೆ ಸಿಗಲಿಲ್ಲ. ಆಕೆ ಇವತ್ತು ಕಾಲು ಹಾಕಿಸಿಕೊಂಡು ಹೋಗಲು ಬರುತ್ತಾರೆ, ಕಾಲು ಶುರುವೇ ಆಗಿಲ್ಲ. "ಇನ್ನೊಂದ್ ಸಲ ಅಳತೆಗೆ ನಿಲ್ಲಿಸ್ಬೇಕು ಆಯಮ್ಮನ್ನ. ಯಾವ ಬಾಯಲ್ಲಿ ಹೇಳ್ಲಿ?"

ದಿನಾ ಅಕ್ಕ ಕೆಂಪು ಸಾಲು ಕಂಡೊಡನೆ ಆಜ್ಞೆ ಕೊಟ್ಟುಬಿಡುತ್ತಾರೆ. ಫೋಲ್ಡರ್ ತೆರೆದು ನೋಡುವುದಿಲ್ಲ, ಖಾಲಿಯದನ್ನು ನೋಡುವುದೇನು? ಇವತ್ತು ಪತ್ರಿಕೆಯವರಿಗೆ ತೋರಿಸಬೇಕಲ್ಲ ಎಂದು ತೆರೆಯುತ್ತಾರೆ.

"ನೋಡಿ, ಹೀಗೆ ಖಾಲಿ..."

ಖಾಲಿಯಲ್ಲ. ಒಂದು ಫೈಲಿದೆ. ಹೊಲಿಗೆಯಾಕೆಯ ಫೈಲು.

ಅಕ್ಕ ಕುರ್ಚಿ ಹಿಂದಕ್ಕೆ ಸರಿಸುತ್ತಾರೆ, ಮುಟ್ಟಿದರೆ ಮತ್ತೆ ಹೋದೀತು ಎಂಬಂತೆ. ಸರ್ವರ್ ಕಂಪನಿಯ ಫೋನಿನವರನ್ನು ನಿದ್ದೆಯಿಂದ ಎಬ್ಬಿಸುತ್ತಾರೆ. ಅವರು ಹೇಳಿದಂತೆ ಫೈಲನ್ನು ಬೇರೆ ಕಡೆ ನಕಲು ಮಾಡಿ, ಆಮೇಲೆ ಉಗ್ರಾಣ ಹತ್ತಿಸುತ್ತಾರೆ. ಫೈಲು ಮಾಯ. ಬಿಡಿಸುತ್ತಾರೆ, ಪ್ರತ್ಯಕ್ಷ. ಮತ್ತೆ ಹತ್ತಿಸುತ್ತಾರೆ.

"ಅಯ್ಯೋ! ಖಾಲಿ ಕಪಾಟಿನ ಮುಂದೆ ತುಂಬಿದ ಕಪಾಟು ತಂದು ನಿಲ್ಲಿಸ್ದಂಗೆ. ಅವನು ಹಿಂದಿನದರಲ್ಲಿ ಇಟ್ಟಿದಾನೆ. ನಾನು ದಿನಾ ಬೆಳಗ್ಗೆ ಬಂದು ಅದನ್ನ ಮುಚ್ತಿದೀನಿ!"

ಕೆಲಸಕ್ಕೆ ಬಂದ ಅಳತೆಯವನು ಪರದೆ ನೋಡಿ ತಲೆ ಕೆರೆದುಕೊಳ್ಳುತ್ತಾನೆ. "ಅವತ್ತು ಹಳೇ ಫೈಲು ಒಂದೂ ಇರ್ಲಿಲ್ಲ ಅಕ್ಕ. ನೀವೇ ಎಲ್ಲ ತೆಗ್ದು ಅಚ್ಚುಕಟ್ಟು ಮಾಡಿದೀರಿ ಅಂದ್ಕೊಂಡೆ."

"ನಾನು ಯಾವತ್ತು ಅಚ್ಚುಕಟ್ಟು ಮಾಡಿದ್ದು ನೋಡಿದೀಯೋ ಮಹರಾಯ?"

ಹೊಲಿಗೆಯಾಕೆ ಬರುವ ಹೊತ್ತಿಗೆ ಯಂತ್ರ ಅವರ ಕಾಲಿನ ಅಚ್ಚನ್ನು ಕೊರೆಯುತ್ತಿದೆ. ಸಂಜೆಯವರೆಗೆ ಕಾಯಬೇಕು ಎಂದಾಗ ಅವರು ಗೊಣಗುತ್ತಾರೆ: "ಮೊದ್ಲೇ ಹೇಳಿದ್ರೆ ಮಧ್ಯಾಹ್ನ ಊಟ ಮುಗಿಸ್ಕೊಂಡು ಬರ್ತಿದ್ದೆ." ಅಕ್ಕ ತಮ್ಮ ಬುತ್ತಿಯನ್ನು ಅವರ ಮುಂದಿಡುತ್ತಾರೆ. ಸಂಜೆ ಹೊಲಿಗೆಯಾಕೆ ಕಂಬಿ ಹಿಡಿದು ನಿಂತು, ಕಂಬಿ ಬಿಟ್ಟು ನಿಂತು, ಹೊಲಿಗೆ ಯಂತ್ರ ತುಳಿಯುವಂತೆ ಹೊಸ ಪಾದವನ್ನು ಒತ್ತಿ ನೋಡುತ್ತಾರೆ.

ಉಗ್ರಾಣ ತಾನಾಗಿ ಯಾಕೆ ಹತ್ತುವುದಿಲ್ಲ ಎಂಬುದು ಹಾಗೇ ಉಳಿದಿದೆ. ಒಂದೇ ಸ್ವಿಚ್ಚಿಗೆ ಎಲ್ಲವೂ ಏಳುವಾಗ ಸರ್ವರ್ ನಿಧಾನವಾಗಿ ಏಳುತ್ತಿರಬಹುದು, ಉಳಿದವು ಕರೆದು ಸುಮ್ಮನಾಗುತ್ತಿರಬಹುದು ಎಂಬುದು ಫೋನಿನವರ ಊಹೆ. ಹಾಗಾದರೆ ನಿನ್ನೆ ಹೇಗೆ ಹತ್ತಿತು? ಅವರಿಗೂ ಗೊತ್ತಿಲ್ಲ. ನಾಳೆಯಿಂದ ಮೊದಲು ಸರ್ವರನ್ನು ಎಬ್ಬಿಸಿ, ಆಮೇಲೆ ಉಳಿದವನ್ನು ಎಬ್ಬಿಸುವುದೆಂದು ಅಕ್ಕ ತೀರ್ಮಾನಿಸಿದ್ದಾರೆ. ಅದರ ಮೇಲೂ ಅವರಿಗೆ ಪೂರ್ತಿ ನಂಬಿಕೆಯಿಲ್ಲ.

ಮನೆಗೆ ಹೊರಡುವ ಮುಂಚೆ ಉಗ್ರಾಣವನ್ನು ಬಿಡಿಸಿ, ಹಿಂದಿನ ಖಾಲಿ ಫೋಲ್ಡರಿನಲ್ಲಿ ಒಂದು ಫೈಲು ಇಡುತ್ತಾರೆ. ಅದರ ಹೆಸರೇ ಸಂದೇಶ: 'ಉಗ್ರಾಣ ಹತ್ತಿಲ್ಲ, ಇಲ್ಲಿ ಏನೂ ಇಡಬೇಡಿ, ಅಕ್ಕನನ್ನು ಕರೆಯಿರಿ.' ಮೇಲೆ ಉಗ್ರಾಣ ಹತ್ತಿಸುತ್ತಾರೆ. ಬರೆದದ್ದು ಮರೆಯಾಗುತ್ತದೆ.

"ಇದನ್ನ ಯಾರೂ ಓದ್ಬಾರ್ದು," ಎನ್ನುತ್ತಾರೆ ಅಕ್ಕ, ಚಪ್ಪಲಿ ಮೆಟ್ಟಿಕೊಳ್ಳುತ್ತ. "ಯಾರೂ ಓದ್ಲಿಲ್ಲ ಅಂದ್ರೆ ಅವತ್ತು ನನ್ನ ಕೆಲ್ಸ ಆಗಿದೆ ಅಂತ."