ಅಧೇಲಿ, ಪಾವಲಿ ಮತ್ತು ಅಕ್ಕನ ಕೆಮ್ಮು

ಮೊದಲು ಸೀನಿದ್ದು ಪಾವಲಿ. ಅಥವಾ ಅಕ್ಕ. ಎಷ್ಟು ನೆನಪು ಮಾಡಿಕೊಂಡರೂ ಯಾರು ಮೊದಲು ಎಂದು ಖಚಿತವಾಗಿ ಹೇಳಲು ನನಗೆ ಆಗುವುದಿಲ್ಲ. ಇಲಿ ನೋಡಿದ ಡಾಕ್ಟರೂ ಇದನ್ನೇ ಕೇಳಿದರು, ಅಕ್ಕನನ್ನು ನೋಡಿದ ಡಾಕ್ಟರೂ ಇದನ್ನೇ ಕೇಳಿದರು. ಇಬ್ಬರಿಗೂ ನಾನು ಬೇರೆ ಬೇರೆ ಉತ್ತರ ಕೊಟ್ಟೆ. ಸುಳ್ಳು ಹೇಳಬೇಕೆಂದಲ್ಲ. ಹೇಳುವ ಹೊತ್ತಿಗೆ ಹಾಗೇ ಅನ್ನಿಸಿತ್ತು.

ಪಾವಲಿ ನಮ್ಮ ಮನೆಯ ಇಲಿ. ಬಿಲದಿಂದ ಬಂದದ್ದಲ್ಲ, ಸಾಕಲೆಂದು ತಂದದ್ದು. ಅದರ ಜೊತೆಗೆ ಒಂದೇ ಸೂಲಿನ ಇನ್ನೊಂದು ಮರಿ ಇತ್ತು, ಅಧೇಲಿ. ನಮ್ಮ ಅಪ್ಪ ಎಂಟಾಣೆ ನಾಣ್ಯಕ್ಕೆ ಅಧೇಲಿ, ನಾಲ್ಕಾಣೆಗೆ ಪಾವಲಿ ಅನ್ನುತ್ತಿದ್ದರು. ದೊಡ್ಡ ಮರಿಗೆ ಆ ಹೆಸರು, ಸಣ್ಣದಕ್ಕೆ ಈ ಹೆಸರು. ಇಟ್ಟವಳು ನನ್ನ ಅಕ್ಕ ಶಾಂತಾ. ಮಿಷನ್ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಅವಳು ಮದುವೆಯಾಗಲಿಲ್ಲ. ನನ್ನ ಹೆಂಡತಿ ತೀರಿಕೊಂಡ ಮೇಲೆ ನಾವಿಬ್ಬರೂ ಗೋಕುಲ ರಸ್ತೆಯ ಹಿಂದಿನ ಓಣಿಯೊಂದರಲ್ಲಿ ಒಟ್ಟಿಗೆ ಇದ್ದೇವೆ. ನಾನು ದಿನಾ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಬರುತ್ತೇನೆ, ಸರಕಾರಿ ಕಚೇರಿಯಲ್ಲಿ ಕೆಲಸ.

ಬಣ್ಣದ ಮೀನು, ಲವ್ ಬರ್ಡ್ಸ್ ಮಾರುವ ಅಂಗಡಿಗೆ ಅಕ್ಕ ಹೋಗಿದ್ದು ಅಂಗಳದ ಗುಬ್ಬಿಗಳಿಗೆ ನವಣೆ ತರಲು. ತೂತು ಮಾಡಿದ ರಟ್ಟಿನ ಡಬ್ಬಿ ಹಿಡಿದುಕೊಂಡು ಬಂದಳು.

"ಏನಕ್ಕಾ ಇದು?"

"ಇಲಿ."

"ಅದು ಕಾಣಾಕತ್ತೈತಿ. ಯಾಕ ತಂದಿ?"

"ಸುಮ್ನ. ನನ್ನ ಬೆರಳು ಹಿಡಕೊಂಡ್ವು," ಅಂದಳು.

ಯಾವ ಲೆಕ್ಕವನ್ನೂ ಹಂತ ಬಿಡದೆ ಮಾಡಿಸುತ್ತಿದ್ದ ಹೆಂಗಸು ಇದಕ್ಕಿಂತ ಹೆಚ್ಚಿನ ಕಾರಣ ಕೊಡಲಿಲ್ಲ. ನಾನೂ ಕೇಳಲಿಲ್ಲ. ನನಗೆ ಅವನ್ನು ಕಂಡರೆ ಮೈ ಜುಮ್ಮೆನ್ನುತ್ತಿತ್ತು, ಮುಖ್ಯವಾಗಿ ಬಾಲ. ಆದರೆ ಹಿಂದಿನ ಕೋಣೆಯಲ್ಲಿ ಗೂಡು ಇಡಲು ಜಾಗ ಮಾಡಿಕೊಟ್ಟೆ. ಕೆಳಗೆ ಹಾಸಲು ಕಟ್ಟಿಗೆ ಹೊಟ್ಟು ಬೇಕು ಎಂದು ಅಂಗಡಿಯವನು ಹೇಳಿದ್ದನಂತೆ, ಕಮರಿಪೇಟೆಯ ಬಡಿಗನೊಬ್ಬನ ಹತ್ತಿರ ಚೀಲದಲ್ಲಿ ತುಂಬಿಸಿಕೊಂಡು ಬಂದೆ. ಎರಡೂ ಮರಿಗಳು ಅದರಲ್ಲಿ ಮುಳುಗಿ ಏಳುತ್ತ ಆಡಿದವು. ಅಕ್ಕ ಸ್ಟೂಲಿನ ಮೇಲೆ ಕೂತು ನೋಡಿದಳು.

ಆಮೇಲೆ ಸೀನು. ಸಣ್ಣ ಸೀನು, ಬೆಂಕಿಕಡ್ಡಿ ಗೀರಿದಂಥ ಸದ್ದು. ಮೊದಲು ನಕ್ಕೆವು. ಅಕ್ಕನಿಗೂ ಅದೇ ವಾರ ನೆಗಡಿ. ಮೂವರೂ ಒಬ್ಬರ ಹಿಂದೊಬ್ಬರು ಸೀನುತ್ತಿದ್ದರು. ಹೊಸ ಜಾಗ, ಹವೆ ಬದಲಾಗಿದೆ, ತಾನಾಗಿಯೇ ಹೋಗುತ್ತದೆ ಅಂದುಕೊಂಡೆವು.

ಒಂದು ಬೆಳಿಗ್ಗೆ ಪಾವಲಿಯ ಮೂಗಿನಿಂದ ರಕ್ತ ಬಂದಿತ್ತು.

ಅಕ್ಕನ ಮುಖ ಬಿಳಚಿಕೊಂಡಿತು. ಕೆಂಪು ಮೂಗಿನ ಸುತ್ತ ಒಣಗಿತ್ತು, ಕಣ್ಣಿನ ಅಂಚಿಗೂ ಇತ್ತು. ನಾನು ಕಚೇರಿಗೆ ರಜೆ ಹೇಳಿ, ಡಬ್ಬಿ ಎತ್ತಿಕೊಂಡು ಹತ್ತಿರದ ದನದ ದವಾಖಾನೆಗೆ ಹೋದೆ. ಅಲ್ಲಿ ಎಮ್ಮೆಯೊಂದರ ಕಾಲು ನೋಡುತ್ತಿದ್ದ ಹಿರಿಯ ಡಾಕ್ಟರ್ ಕೈ ತೊಳೆದುಕೊಂಡು ಬಂದು ಡಬ್ಬಿಯೊಳಗೆ ಇಣುಕಿದರು.

"ಇಷ್ಟು ವರ್ಷದಾಗ ಇಲಿ ಉಳಿಸಾಕ ಬಂದವರು ನೀವ ಮೊದಲನೇದವ್ರು ನೋಡ್ರಿ," ಅಂದರು. ಗೇಲಿ ಮಾಡಲಿಲ್ಲ. ಧಾರವಾಡದಲ್ಲಿ ನಾಯಿ ಬೆಕ್ಕು ನೋಡುವ ಹೊಸ ಹುಡುಗಿಯೊಬ್ಬಳಿದ್ದಾಳೆ, ಬಹಳ ಓದುತ್ತಾಳೆ, ಅಲ್ಲಿಗೆ ಹೋಗಿ ಎಂದರು.

ಧಾರವಾಡದ ಆ ಡಾಕ್ಟರ್ ನನ್ನ ಕಚೇರಿಯಲ್ಲಿ ಹೊಸದಾಗಿ ಸೇರಿದವರ ವಯಸ್ಸಿನವರು. ಕೂತ ಕೂಡಲೇ ಒಂದು ಮಾತು ಹೇಳಿದರು: "ನಾನು ಇಲಿ ಟ್ರೀಟ್ ಮಾಡಿದ್ದು ಭಾಳ ಕಡಿಮಿ ರಿ. ಗೊತ್ತಿಲ್ಲದ್ದನ್ನ ಕೇಳಿ, ಓದಿ ಹೇಳ್ತೀನಿ. ನಡೀತದಲ್ಲ?" ನಡೆಯುತ್ತದೆ ಅಂದೆ. ಇನ್ನೇನು ಅನ್ನಲಿ.

ಪಾವಲಿಯನ್ನು ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು ತೂಗಿದರು. ಸ್ಟೆತೋಸ್ಕೋಪ್ ಇಡೀ ಎದೆಯನ್ನೇ ಮುಚ್ಚುವಷ್ಟು ದೊಡ್ಡದಾಯಿತು. ಅದನ್ನು ಬದಿಗಿಟ್ಟು ಮರಿಯನ್ನು ಮೊಬೈಲಿನ ಹಾಗೆ ಕಿವಿಗೆ ಹಿಡಿದು ಕೇಳಿದರು. ನನಗೂ ಕೇಳಿಸಿದರು. ನಾನು ಇಲಿಯನ್ನು ಮುಟ್ಟಿದ್ದು ಅದೇ ಮೊದಲು. ಒಳಗೆ ಟಿಕ್ ಟಿಕ್ ಅನ್ನುವ ಸದ್ದು, ಒದ್ದೆ ಕಾಗದ ಮಡಚಿದ ಹಾಗೆ. ಕೆಂಪಾಗಿದ್ದದ್ದು ರಕ್ತವಲ್ಲವಂತೆ. ಇಲಿಗಳಿಗೆ ತ್ರಾಸವಾದಾಗ ಕಣ್ಣು ಮೂಗಿನಿಂದ ಬರುವ ಬಣ್ಣದ ನೀರಂತೆ. ನನಗೆ ಹಗುರಾಯಿತು. ಆದರೆ ಹಗುರಾಗಬಾರದಿತ್ತು.

"ಇದು ಲಂಗ್ ಇನ್ಫೆಕ್ಷನ್ ರಿ. ಇದರ ಜೀವಾಣು ಹೆಚ್ಚಿನ ಇಲಿಗಳ ಒಳಗ ಮರಿ ಇದ್ದಾಗಿಂದನ ಇರ್ತದ. ಧೂಳು, ಹೊಸ ಜಾಗ, ಬ್ಯಾರೆ ಜಡ್ಡು, ಯಾವುದಾರ ಒಂದು ನೆವ ಸಿಕ್ರ ಏಳ್ತದ."

"ಔಷಧ ಕೊಟ್ರ ಹೋಗ್ತೈತೇನ್ರಿ?"

"ಹೋಗಂಗಿಲ್ಲ. ಮಲಗ್ತದ."

ಏಳುವುದು ರೋಗ, ಮಲಗುವುದೂ ರೋಗ. ನನಗೆ ಸರಿಯಾಗಿ ಅರ್ಥವಾಗಲಿಲ್ಲ, ತಲೆ ಆಡಿಸಿದೆ. ಮನೆಯಲ್ಲಿ ಯಾರಿಗಾದರೂ ನೆಗಡಿ ಇತ್ತೇ, ಮೊದಲು ಅವರಿಗೋ ಇವಕ್ಕೋ ಎಂದು ಕೇಳಿದರು. ಮನುಷ್ಯರಿಂದಲೂ ಇಲಿಗಳಿಗೆ ಕೆಲವು ಸೋಂಕು ಹೋಗಬಹುದಂತೆ. ಹೋಗಿದೆ ಎಂದೂ ಅಲ್ಲ. ಮೊದಲು ಇಲಿ ಅಂದೆ. ಎರಡು ಆಂಟಿಬಯೋಟಿಕ್ ಬರೆದುಕೊಟ್ಟರು, ಎರಡೂ ಮರಿಗಳಿಗೆ. ಕಟ್ಟಿಗೆ ಹೊಟ್ಟು ಪೂರ್ತಿ ತೆಗೆಯಿರಿ, ಕಾಗದ ಹಾಸಿರಿ, ಗಾಳಿ ಆಡುವ ದೊಡ್ಡ ಗೂಡು ತನ್ನಿರಿ ಎಂದರು.

ದುರ್ಗದಬೈಲಿಗೆ ಹೋಗಿ ತಂತಿ ಸಾಮಾನಿನ ಅಂಗಡಿಯಲ್ಲಿ ಇಲಿಗೆ ದೊಡ್ಡದು ಬೇಕು ಅಂದೆ. ಅಂಗಡಿಯವನು ಬೋನು ತಂದಿಟ್ಟ. "ಇದು ಛಲೋ ಐತ್ರಿ. ಒಮ್ಮೆ ಒಳಗ ಹೋತಂದ್ರ ಮುಗೀತು." ಅಲ್ಲ, ಅದು ಆರಾಮಾಗಿ ಇರಬೇಕು ಅಂದೆ. ಅವನು ನನ್ನನ್ನೇ ನೋಡಿದ. ಕೊನೆಗೆ ಗಿಳಿಯ ಪಂಜರ ಕೊಂಡು ಬಂದೆ.

ಮನೆಯ ದಿನಚರಿಯೇ ಬದಲಾಯಿತು. ಹೊಟ್ಟು ತೆಗೆದು ಹಳೆಯ ಪೇಪರ್ ಹರಿದು ಹಾಕಿದೆವು. ಊದಬತ್ತಿ ಬಂದ್. ಒಗ್ಗರಣೆಯ ಘಾಟು ಹೋಗಬಾರದೆಂದು ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಅಡುಗೆ. ಔಷಧ ಕಹಿ, ಏನು ಮಾಡಿದರೂ ಪಾವಲಿ ನುಂಗುತ್ತಿರಲಿಲ್ಲ. ಅಕ್ಕ ಅದನ್ನು ಟವೆಲಿನಲ್ಲಿ ಸುತ್ತಿ ಹಿಡಿಯುತ್ತಿದ್ದಳು, ನಾನು ಸೂಜಿಯಿಲ್ಲದ ಸಿರಿಂಜಿನಿಂದ ಹನಿ ಹನಿ ಬಾಯಿಗೆ ಬಿಡುತ್ತಿದ್ದೆ. ಅರ್ಧ ನನ್ನ ಅಂಗಿಯ ಮೇಲೆ. ಅಕ್ಕನ ನೆಗಡಿ ಹೋಯಿತು, ಕೆಮ್ಮು ಉಳಿಯಿತು. ಒಣ ಕೆಮ್ಮು. ಹಿಂದಿನ ಕೋಣೆಗೆ ಹೋಗಿ ಬಂದರೆ ಹೆಚ್ಚುತ್ತಿತ್ತು. ಅದನ್ನು ಇಬ್ಬರೂ ಗಮನಿಸಿದ್ದೆವು. ಇಬ್ಬರೂ ಹೇಳಲಿಲ್ಲ.

ಎದೆಯಲ್ಲಿ ಸಿಳ್ಳಿನಂಥ ಸದ್ದು ಬಂದಾಗ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಕ್ಸ್‌ರೇ ನಾರ್ಮಲ್. ಡಾಕ್ಟರ್ ಕೇಳಿದರು, "ಮನ್ಯಾಗ ಏನಾದ್ರೂ ಪ್ರಾಣಿ ಅದಾವೇನ್ರಿ?"

"ಎರಡು ಇಲಿ ಅದಾವ್ರಿ," ಅಂದಳು ಅಕ್ಕ.

"ಬೋನು ಇಟ್ಟು ಹಿಡಸ್ರಿ ಮತ್ತ."

"ಸಾಕೇವಿರಿ."

ಡಾಕ್ಟರ್ ಪೆನ್ನು ಕೆಳಗಿಟ್ಟರು. ನನ್ನ ಕಡೆ ನೋಡಿದರು. ಮೊದಲು ಅವಕ್ಕೆ ಬಂತೋ ಇವರಿಗೋ ಅಂದರು. ಮೊದಲು ಅಕ್ಕ ಅಂದೆ. ಇದು ಅಲರ್ಜಿ ಇರಬಹುದು, ಇಲಿಯ ಕೂದಲು ಮತ್ತು ಉಚ್ಚೆಯ ಧೂಳಿನಿಂದ ಆಗುತ್ತದೆ, ಅವನ್ನು ಬೇರೆ ಯಾರಿಗಾದರೂ ಕೊಟ್ಟುಬಿಡುವುದು ಒಳ್ಳೆಯದು ಎಂದು ಇನ್ಹೇಲರ್ ಬರೆದುಕೊಟ್ಟರು. ಹೊರಗೆ ಬಂದ ಮೇಲೆ ಅಕ್ಕ ಹೇಳಿದಳು, "ಜಡ್ಡಿದ್ದದ್ದನ್ನ ಯಾರಿಗೆ ಕೊಡೂದು? ಆರಾಮ ಆಗ್ಲಿ ಮೊದಲ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಅಕ್ಕನ ಉಸಿರು ಮುಖ್ಯ, ಅದರಲ್ಲಿ ಅನುಮಾನವಿಲ್ಲ. ಆದರೆ ಮನೆಗೆ ಬಂದು ಗೂಡಿನ ಮುಂದೆ ನಿಂತರೆ ಪಾವಲಿಯ ಪಕ್ಕೆ ಏರಿಳಿಯುತ್ತಿತ್ತು, ಅಧೇಲಿ ಅದರ ಮುಖ ನೆಕ್ಕಿ ಸ್ವಚ್ಛ ಮಾಡುತ್ತಿತ್ತು. ಯಾವ ಡಾಕ್ಟರ್ ಸರಿ, ಯಾರು ಯಾರಿಗೆ ಜಡ್ಡು ಕೊಟ್ಟರು, ಕಟ್ಟಿಗೆ ಹೊಟ್ಟೋ, ನೆಗಡಿಯೋ, ಅಂಗಡಿಯಿಂದಲೇ ಬಂದದ್ದೋ ಎಂದು ಬಸ್ಸಿನಲ್ಲಿ ಕೂತು ಯೋಚಿಸುತ್ತ ಒಮ್ಮೆ ನನ್ನ ಸ್ಟಾಪನ್ನೇ ದಾಟಿ ಹೋದೆ. ಕೊನೆಗೆ ಒಂದು ತೀರ್ಮಾನ ಹೇಳಿದೆ: ಇನ್ನು ಮುಂದೆ ಆ ಕೋಣೆಯೊಳಗೆ ಅಕ್ಕ ಬರುವ ಹಾಗಿಲ್ಲ. ಎಲ್ಲಾ ನಾನೇ ಮಾಡುತ್ತೇನೆ.

"ನೀನ? ಬಾಲ ಕಂಡ್ರ ಹೆದರಾಂವ?"

"ಬಾಲ ನೋಡಂಗಿಲ್ಲ ತಗೋ."

ಹೀಗೆ ಅಕ್ಕ ಕಿಟಕಿಯ ಆಚೆ ಅಂಗಳದಲ್ಲಿ, ನಾನು ಒಳಗೆ. ಪಾಠ ಹೇಳಿದ ಹಾಗೆ ಆಚೆಯಿಂದ ಹೇಳುತ್ತಿದ್ದಳು: ಕುತ್ತಿಗೆ ಹಿಡಿಯಬೇಡ, ಎದೆ ಒತ್ತಬೇಡ, ಅದು ತಾನಾಗಿ ಬರಲಿ. ಔಷಧ ಮಾತ್ರ ಇನ್ನೂ ಕಷ್ಟವೇ ಇತ್ತು.

ನಮ್ಮ ಚರ್ಚಿನವರ ಪ್ರಾರ್ಥನಾ ಕೂಟ ವಾರಕ್ಕೊಂದು ಮನೆಯಲ್ಲಿ ನಡೆಯುತ್ತದೆ. ಆ ವಾರ ಅಕ್ಕ ಎದ್ದು ನಿಂತು, "ನಮ್ಮ ಮನ್ಯಾಗ ಒಬ್ಬರಿಗೆ ಉಸಿರಾಟದ ತ್ರಾಸ ಐತಿ, ನೆನಸ್ಕೊಳ್ರಿ" ಅಂದಳಂತೆ. ಯಾರಿಗೆಂದು ಹೇಳಲಿಲ್ಲ. ಅವಳು ನಿಂತು ಮಾತಾಡುತ್ತಿದ್ದಾಳೆ, ಅಂದರೆ ನನಗೇ ಇರಬೇಕು ಎಂದು ಎಲ್ಲರೂ ತಿಳಿದರು. ಭಾನುವಾರ ಮಧ್ಯಾಹ್ನ ಕೂಟದ ಕಮಲಾಬಾಯಿಯವರು ಇನ್ನಿಬ್ಬರನ್ನು ಕರೆದುಕೊಂಡು ಬಾಳೆಹಣ್ಣು, ಬ್ರೆಡ್ ಹಿಡಿದು ಬಂದರು. ನಾನು ಬಾಗಿಲು ತೆರೆದೆ.

"ಎದ್ದೀಯಲ್ಲಪಾ. ಹೆಂಗದಿ ಈಗ?"

ಜಡ್ಡು ಇಲಿಗೆ ಎಂದು ಅಕ್ಕ ಹಿಂದಿನಿಂದ ನೇರವಾಗಿ ಹೇಳಿಬಿಟ್ಟಳು. ಒಬ್ಬರು ಸೀರೆಯ ಸೆರಗು ಮೂಗಿಗೆ ಹಿಡಿದರು. ಕಮಲಾಬಾಯಿ ಹಿಂದಿನ ಕೋಣೆಯ ಬಾಗಿಲ ತನಕ ಹೋಗಿ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಬಾಳಿಹಣ್ಣು ತಿಂತಾವೇನ?" ಅಂದರು.

ತಿಂದವು. ಬಾಳೆಹಣ್ಣಿನಲ್ಲಿ ಕಿವುಚಿ ಕೊಟ್ಟ ಔಷಧವನ್ನು ಎರಡೂ ತಾವಾಗಿಯೇ ಬಂದು ತಿಂದವು. ಯಾವ ಪುಸ್ತಕದಲ್ಲಿದೆಯೋ ಗೊತ್ತಿಲ್ಲ, ಅದಾದ ಮೇಲೆ ಇಲಿ ಡಾಕ್ಟರ್ ಕೂಡ ಎಲ್ಲರಿಗೂ ಅದನ್ನೇ ಹೇಳುತ್ತಾರಂತೆ.

ಅಧೇಲಿಯ ಸೀನು ನಿಂತಿತು. ಪಾವಲಿಗೂ ಕೆಲವು ದಿನ ಗೆಲುವು ಬಂತು, ಪಂಜರದ ತಂತಿ ಹಿಡಿದು ಹತ್ತಿ ಕೂತಿತು. ಇನ್ನೇನು ಗೆದ್ದೆವು ಅಂದುಕೊಂಡೆ. ಆಮೇಲೆ ಒಂದು ಶನಿವಾರ ಬೆಳಿಗ್ಗೆ ಬಾಯಿ ತೆರೆದು ಉಸಿರಾಡುತ್ತಿತ್ತು. ಕುತ್ತಿಗೆ ಮುಂದಕ್ಕೆ ಚಾಚಿತ್ತು. ಮೈಯೆಲ್ಲ ಆ ಒಂದೇ ಕೆಲಸ ಮಾಡುತ್ತಿತ್ತು.

ಬಸ್ಸಿಗೆ ಕಾಯದೆ ಆಟೋ ಮಾಡಿಕೊಂಡು ಧಾರವಾಡಕ್ಕೆ ಹೋದೆ. ಅಕ್ಕ ಬರುತ್ತೇನೆ ಅಂದಳು, ಬೇಡ ಅಂದೆ. ಡಾಕ್ಟರ್ ಅದನ್ನು ಸಣ್ಣ ಪೆಟ್ಟಿಗೆಯಲ್ಲಿಟ್ಟು ಆಕ್ಸಿಜನ್ ಬಿಟ್ಟರು. ಇಂಜೆಕ್ಷನ್ ಕೊಟ್ಟರು. ನೆಬ್ಯುಲೈಸರ್ ಹಚ್ಚಿದರು. ತಮ್ಮ ಗುರುಗಳಿಗೆ ಫೋನ್ ಮಾಡಿ ಕೇಳಿದರು. ಮಧ್ಯಾಹ್ನದ ತನಕ ಕಾದೆವು. ಆಮೇಲೆ ನನ್ನ ಪಕ್ಕದ ಕುರ್ಚಿಗೆ ಬಂದು ಕೂತರು.

"ಸರ್, ಅದಕ್ಕ ಭಾಳ ತ್ರಾಸ ಆಗಾಕತ್ತದ. ಮಲಗಿಸಿಬಿಡೂಣೇನ್ರಿ?"

ನನಗೆ ಸಂತೋಷವಾಯಿತು. ಜಡ್ಡು ಮಲಗುತ್ತದೆ ಎಂದು ಅವರೇ ಹೇಳಿದ್ದರಲ್ಲ. "ಮಲಗಸ್ರಿ, ಲಗೂನ ಮಲಗಸ್ರಿ," ಅಂದೆ.

ಅವರು ಏಳಲಿಲ್ಲ. ನನ್ನ ಮುಖ ನೋಡುತ್ತ ಕೂತರು.

ಆಗ ತಿಳಿಯಿತು, ಅವರು ಹೇಳಿದ್ದು ಮತ್ತೆ ಏಳದ ನಿದ್ದೆ.

ಅಕ್ಕನಿಗೆ ಫೋನ್ ಮಾಡಿದೆ. ಅವಳೇ ಕೇಳಿದಳು, "ಇನ್ನೂ ಬಾಯಿಲೆ ಉಸರಾಡಾಕತ್ತೈತೇನ?"

"ಹೂಂ."

"ಆಕ್ಸಿಜನ್ ಕೊಟ್ರೂ?"

"ಹೂಂ."

ಅವಳು ಕೆಮ್ಮಿದಳು. "ಡಾಕ್ಟರ್ ಹೇಳಿದಂಗ ಮಾಡು ತಮ್ಮಾ. ನೀ ಹಿಡಕೊಂಡಿರು. ಅವರ ಕೈಯಾಗ ಕೊಡಬ್ಯಾಡ."

ಹಿಡಿದುಕೊಂಡೆ. ಮೊದಲು ನಿದ್ದೆಯ ಔಷಧ ಕೊಟ್ಟರು. ಆ ಬಾಯಿ ಮುಚ್ಚಿತು, ಪಕ್ಕೆ ನಿಧಾನವಾಯಿತು. ಬಾಲ ನನ್ನ ಮಣಿಕಟ್ಟಿನ ಮೇಲೆ ಬಿದ್ದಿತ್ತು. ತೆಗೆಯಬೇಕು ಅನ್ನಿಸಲಿಲ್ಲ.

ಅಂಗಳದ ಕರಿಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದೆವು. ಅಕ್ಕ ಪ್ರಾರ್ಥನೆ ಮಾಡುತ್ತಾಳೋ ಎಂದು ನೋಡಿದೆ. ಮಾಡಲಿಲ್ಲ, ಅಥವಾ ನನಗೆ ಕೇಳಿಸುವಂತೆ ಮಾಡಲಿಲ್ಲ. ಕೈಯಿಂದ ಮಣ್ಣು ಸಮ ಮಾಡಿ ಒಳಗೆ ಹೋದಳು.

ಅಧೇಲಿ ಎರಡು ದಿನ ಏನೂ ಮುಟ್ಟಲಿಲ್ಲ. ಪಂಜರದ ಮೂಲೆ ಮೂಲೆ ಮೂಸಿ ಬಂದು ಕಾಗದದ ಕೆಳಗೆ ಸೇರಿಕೊಳ್ಳುತ್ತಿತ್ತು. ನಾನು ಬನಿಯನ್ನಿನ ಒಳಗೆ ಹಾಕಿಕೊಂಡು ಕೂತರೆ ಸ್ವಲ್ಪ ತಿನ್ನುತ್ತಿತ್ತು. ಕಚೇರಿಯಲ್ಲಿ ಯಾರಿಗೂ ಇದನ್ನು ಹೇಳಿಲ್ಲ.

ಈಗ ಅದು ತಿನ್ನುತ್ತದೆ, ಓಡುತ್ತದೆ. ಔಷಧದ ಕೋರ್ಸ್ ಮುಗಿದಿದೆ. ಇನ್ಹೇಲರ್ ಮತ್ತು ದೂರ ಇದ್ದದ್ದು, ಎರಡರಿಂದಲೋ ಒಂದರಿಂದಲೋ, ಅಕ್ಕನ ಕೆಮ್ಮು ಬಹಳ ಕಡಿಮೆಯಾಗಿದೆ. ಅಕ್ಕನ ಡಾಕ್ಟರ್ ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಮಾಸ್ಕ್ ಹಾಕಿಕೊಳ್ಳಿ, ಆ ಕೋಣೆಗೆ ಹೋಗಬೇಡಿ, ಮತ್ತೆ ಸಿಳ್ಳು ಬಂದರೆ ಆಗ ತಾವು ಹೇಳಿದ ಹಾಗೆ ಕೇಳಬೇಕು ಎಂದಿದ್ದಾರೆ. ಅಕ್ಕ ಒಪ್ಪಿದ್ದಾಳೆ. ಇಬ್ಬರು ಡಾಕ್ಟರುಗಳಿಗೂ ನಾವು ಋಣಿ. ಯಾರೂ ನಮಗೆ ಪೂರ್ತಿ ಗುಣವಾಗುತ್ತದೆ ಎಂದು ಹೇಳಲಿಲ್ಲ, ಅದಕ್ಕೂ.

ಆದರೆ ಇಲಿ ಒಂಟಿಯಾಗಿ ಬಾಳುವ ಪ್ರಾಣಿಯಲ್ಲವಂತೆ. ಧಾರವಾಡದ ಒಂದು ಮನೆಯಲ್ಲಿ ಜೊತೆ ಕಳೆದುಕೊಂಡ ಇನ್ನೊಂದು ಹೆಣ್ಣಿಲಿ ಇದೆ, ಬೇಕಾದರೆ ಕೊಡುತ್ತಾರೆ, ಇಲ್ಲವಾದರೆ ಅಧೇಲಿಯನ್ನೇ ಅವರು ಸಾಕುತ್ತಾರೆ ಎಂದು ಇಲಿ ಡಾಕ್ಟರ್ ಫೋನ್ ಮಾಡಿದ್ದರು. ತಂದರೆ ಅಕ್ಕನ ಎದೆಗೆ ಹೊರೆ. ಕೊಟ್ಟರೆ ಮನೆ ಖಾಲಿ. ಏನೂ ಮಾಡದಿದ್ದರೆ ಅಧೇಲಿ ಒಂಟಿಯಾಗಿ ಕಾಗದದ ಕೆಳಗೆ.

ನಿನ್ನೆ ಸಂಜೆ ಅಂಗಳದಲ್ಲಿ ಅಕ್ಕ ಕೇಳಿದಳು, "ನೀ ಏನಂತಿ?"

ಅವಳು ಹಿಂದೆಂದೂ ನನ್ನನ್ನು ಹಾಗೆ ಕೇಳಿದ್ದು ನೆನಪಿಲ್ಲ. ಮನೆಯ ಲೆಕ್ಕಗಳಿಗೆಲ್ಲ ಉತ್ತರ ಅವಳ ಹತ್ತಿರವೇ ಇರುತ್ತಿತ್ತು.

"ನನಗ ತಿಳಿವಲ್ದು ಅಕ್ಕಾ."

"ನನಗೂ ತಿಳಿವಲ್ದು," ಅಂದಳು.

ಅವಳು ಮಾಸ್ಕ್ ಸರಿಪಡಿಸಿಕೊಂಡು ಎದ್ದಳು. "ಭಾನುವಾರ ಹೋಗಿ ಆ ಇಲಿನ ನೋಡ್ಕೊಂಡರ ಬರೂಣು ನಡಿ. ಅಧೇಲಿಗೆ ಆಕಿ ಸೇರ್ತಾಳೋ ಇಲ್ಲೋ, ಅದನ್ನ ನಾವ ಕೂತು ಹೆಂಗ ಹೇಳೂದು?"